ಮಾವನ ಚೆಕ್ಕುಬಂದಿ

ಸರ್ಕಾರ ತೆರಿಗೆ ಬಿಗಿ ಮಾಡಿದ ದಿನ ಓಣಿಗೆಲ್ಲ ಪೇಢೆ ಹಂಚಿದ ಮನುಷ್ಯನನ್ನು ನೀವು ಕಂಡಿದ್ದೀರಾ? ಕಂಡಿರಲಿಕ್ಕಿಲ್ಲ. ನಾನು ಕಂಡಿದ್ದೇನೆ. ಆ ಪೇಢೆಯನ್ನು ತಿಂದೂ ಇದ್ದೇನೆ. ಆತ ಬೇರೆ ಯಾರೂ ಅಲ್ಲ, ನನ್ನ ಸ್ವಂತ ಸೋದರಮಾವ. ಎಪ್ಪತ್ತರ ದಶಕದಲ್ಲಿ ಸಿರುಗುಪ್ಪದಿಂದ ಕಾಲೇಜು ಓದಲು ಬಳ್ಳಾರಿಗೆ ಬಂದ ಹುಡುಗಿ ನಾನು, ಅವನ ಬಾಡಿಗೆ ಮನೆಯಲ್ಲೇ ಇದ್ದೆ. ಪಠ್ಯಪುಸ್ತಕದಲ್ಲಿ ಓದಿದ್ದೆಲ್ಲ ಮರೆತುಹೋಗಿದೆ, ಮಾವನನ್ನು ನೋಡಿ ಕಲಿತದ್ದು ಮಾತ್ರ ಈಗಲೂ ನೆನಪಿದೆ. ಅದರಿಂದ ಏನು ಲಾಭವಾಯಿತು ಎಂದು ಮಾತ್ರ ಕೇಳಬೇಡಿ!

ಮಾವನ ಕೆಲಸ ಪತ್ರ ಬರೆಯುವುದು. ಪ್ರೇಮಪತ್ರವಲ್ಲ, ಖರೀದಿ ಪತ್ರ. ನೋಂದಣಿ ಕಚೇರಿಯ ಅಂಗಳದಲ್ಲಿ ಒಂದು ಹುಣಸೆಮರ. ಅದರ ಕೆಳಗೆ ಮಾವನ ಚಾಪೆ, ಮುಂದೆ ಇಳಿಜಾರು ಡೆಸ್ಕು, ಹಣೆಯ ಮೇಲೆ ಮೂರು ಬೆರಳಿನ ವಿಭೂತಿ. ಮನೆ, ಜಾಗ ಕೊಳ್ಳುವವರು, ಮಾರುವವರು ಬಂದು ಕುಳಿತರೆ ಛಾಪಾ ಕಾಗದದ ಮೇಲೆ ಮುತ್ತಿನಂಥ ಅಕ್ಷರದಲ್ಲಿ ಬರೆದುಕೊಡುತ್ತಿದ್ದ. ಹೀಗೆ ಬರೆಯುವಾಗ ಮನೆ ಎಲ್ಲಿದೆ ಎಂದು ತಿಳಿಸಲು ಪೂರ್ವಕ್ಕೆ ಇಂಥವರ ಮನೆ, ಪಶ್ಚಿಮಕ್ಕೆ ಇಂಥ ರಸ್ತೆ ಎಂದು ನಾಲ್ಕು ದಿಕ್ಕಿನ ಗಡಿ ಹೇಳಬೇಕು. ಅದೇ ಚೆಕ್ಕುಬಂದಿ. ಉಳಿದ ಬರಹಗಾರರು ಸಂಜೆ ಚೆಕ್ಕುಬಂದಿಯನ್ನು ಕಚೇರಿಯಲ್ಲೇ ಬಿಟ್ಟು ಮನೆಗೆ ಹೋಗುತ್ತಿದ್ದರು. ಮಾವ ಅದನ್ನು ಮನೆಗೂ ಹೊತ್ತು ತರುತ್ತಿದ್ದ.

ಊಟಕ್ಕೆ ಕೂತ ಎಂದಿಟ್ಟುಕೊಳ್ಳಿ. ತಾಟನ್ನು ಒಮ್ಮೆ ದಿಟ್ಟಿಸಿ ನೋಡಿ ಶುರು ಮಾಡುತ್ತಿದ್ದ.

"ರೊಟ್ಟಿಗೆ ಪೂರ್ವಕ್ಕ ಶೇಂಗಾ ಚಟ್ನಿ. ಪಶ್ಚಿಮಕ್ಕ ಬದ್ನಿಕಾಯಿ ಪಲ್ಯ. ದಕ್ಷಿಣಕ್ಕ ಉಪ್ಪಿನಕಾಯಿ. ಉತ್ತರಕ್ಕ ಏನೂ ಇಲ್ಲಲ್ಲ? ಗಡಿ ಖಾಲಿ ಬಿಡಬಾರದು, ಒಂದೀಟು ಬೆಣ್ಣಿ ಹಾಕು."

"ರೊಟ್ಟಿ ತಿನ್ರಿ, ಮಾರಾಟ ಮಾಡಬ್ಯಾಡ್ರಿ!" ಎಂದು ಅತ್ತೆ ಒಲೆಯ ಮುಂದಿನಿಂದಲೇ ಗದರುತ್ತಿದ್ದಳು. ಆದರೂ ಬೆಣ್ಣೆ ಬರುತ್ತಿತ್ತು.

ಒಮ್ಮೆ ನನ್ನನ್ನು ಊರಿಗೆ ಬಿಡಲು ಸಿರುಗುಪ್ಪದ ಬಸ್ಸಿಗೆ ಬಂದ. ಎಲ್ಲರಂತೆ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದ. ನಾವು ಹತ್ತಿ ನೋಡಿದರೆ ಟವೆಲ್ಲಿನ ಮೇಲೆ ಒಬ್ಬ ದಪ್ಪ ಮನುಷ್ಯ ಆರಾಮಾಗಿ ಕುಳಿತಿದ್ದಾನೆ! ಇನ್ನೇನು ಮಾವ ಜಗಳಕ್ಕೆ ಬೀಳುತ್ತಾನೆ ಎಂದುಕೊಂಡೆ. ಬೀಳಲಿಲ್ಲ. ಸಿರುಗುಪ್ಪದವರೆಗೂ ನಿಂತೇ ಬಂದ. ಯಾಕೆ ಮಾವ ಎಂದರೆ, "ಟವೆಲ್ ಹಾಕೋದು ಬರೀ ಕರಾರವ್ವ. ಸ್ವಾಧೀನ ಆತನದು. ಕಾಯ್ದೆ ಆತನ ಕಡೆ ಐತಿ" ಎಂದ. ಹೋಗಲಿ, ಟವೆಲ್ಲನ್ನಾದರೂ ವಾಪಸ್ ಇಸಿದುಕೊಂಡನೇ? ಆ ಮನುಷ್ಯ ಅದನ್ನು ತಲೆಗೆ ಸುತ್ತಿಕೊಂಡು ಇಳಿದುಹೋದ ಮೇಲೆಯೇ ನಮಗೆ ಅದರ ನೆನಪಾದದ್ದು.

ಇಷ್ಟೇ ಆಗಿದ್ದರೆ ಯಾರಿಗೂ ತೊಂದರೆ ಇರಲಿಲ್ಲ. ಮಾವನಿಗೆ ಇನ್ನೊಂದು ಹುಚ್ಚಿತ್ತು. ನಿಜವಾದ ಬೆಲೆ ಬರೆಯುವ ಹುಚ್ಚು! ಆಸ್ತಿ ಕೈಬದಲಾದಾಗ ಬೆಲೆಗೆ ತಕ್ಕಂತೆ ಸರ್ಕಾರಕ್ಕೆ ಮುದ್ರಾಂಕ ಶುಲ್ಕ ಕಟ್ಟಬೇಕಲ್ಲ, ಅದನ್ನು ಉಳಿಸಲು ಪತ್ರದಲ್ಲಿ ಅರ್ಧ ಬೆಲೆ ಬರೆಸುವುದು ಆಗಿನ ಲೋಕರೂಢಿ. ಒಂದು ದಿನ ಕುರುಗೋಡಿನ ಸಾಹುಕಾರರೊಬ್ಬರು ಮನೆ ಮಾರಲು ಬಂದರು. ಕೊಳ್ಳುವವನೂ ಪಕ್ಕದಲ್ಲೇ ಕುಳಿತಿದ್ದ.

"ಬೆಲಿ ಇಪ್ಪತ್ತು ಸಾವಿರ ಆಗೈತಿ. ನೀವು ಎಂಟು ಅಂತ ಬರೀರಿ" ಎಂದರು ಸಾಹುಕಾರರು.

ಮಾವ ಲೇಖನಿ ಕೆಳಗಿಟ್ಟ. "ಎಂಟಕ್ಕ ಕೊಡ್ತೀರೇನ್ರಿ?"

"ಹೌದು, ಎಂಟ ಬರೀರಿ."

"ಹಂಗಾದ್ರ ನನಗ ಕೊಟ್ಟುಬಿಡ್ರಿ. ಮೂವತ್ತು ವರ್ಷದಿಂದ ಬಾಡಿಗಿ ಮನ್ಯಾಗ ಅದೀನಿ. ಸಾಲ ಸೋಲ ಮಾಡಿ ಸಂಜಿಯೊಳಗ ಎಂಟು ಸಾವಿರ ತರ್ತೀನಿ!"

ಸಾಹುಕಾರರು ಎದ್ದು ಪಕ್ಕದ ಬರಹಗಾರನ ಚಾಪೆಗೆ ಹೋದರು. ಹೀಗೆ ಮಾವನ ಚಾಪೆಯಿಂದ ಎದ್ದು ಹೋದವರಿಂದಲೇ ಉಳಿದ ಬರಹಗಾರರ ಸಂಸಾರಗಳು ನಡೆಯುತ್ತಿದ್ದವು. ಮಾವನ ಹತ್ತಿರ ಬರುತ್ತಿದ್ದವರು ಕಳ್ಳಲೆಕ್ಕ ಗೊತ್ತಿಲ್ಲದ ಬಡವರು, ಇಲ್ಲವೇ ಅಣ್ಣತಮ್ಮಂದಿರ ಮೇಲೆ ನಂಬಿಕೆ ಇಲ್ಲದವರು. ಕಡಿಮೆ ಬೆಲೆ ಬರೆದ ಪತ್ರಗಳನ್ನು ತಡೆದು ವಿಚಾರಣೆ ಮಾಡಬೇಕೆಂದು ರಾಜ್ಯ ಸರ್ಕಾರ ಹೊಸ ಕಾಯ್ದೆ ತಂದಾಗ ಹುಣಸೆಮರದ ಕೆಳಗೆ ಸೂತಕದ ಕಳೆ. ಮಾವ ಮಾತ್ರ ಎದ್ದು ಪೇಢೆ ತರಲು ಹೋದ. "ಬಾಡಿಗಿ ಕೊಡಾಕ ರೊಕ್ಕಿಲ್ಲ, ಇವರು ಸರ್ಕಾರದ ಸಲುವಾಗಿ ಸಿಹಿ ಹಂಚತಾರ!" ಎಂದು ಅತ್ತೆ ಹಣೆ ಚಚ್ಚಿಕೊಂಡಳು.

ಅತ್ತೆಯ ವಿಷಯ ಈಗ ಹೇಳಲೇಬೇಕು. ಅವಳಿಗೆ ಜೀವನದಲ್ಲಿ ಒಂದೇ ಆಸೆ, ಸ್ವಂತ ಗೋಡೆಗೆ ಒಂದು ಮೊಳೆ ಹೊಡೆಯಬೇಕು. ನಗಬೇಡಿ. ಕೋಟೆಯ ಬುಡದ ಆ ಓಣಿಯಲ್ಲಿ ನಮ್ಮ ಮನೆಯ ಮಾಲಕ ಗೋಡೆಗೆ ಮೊಳೆ ಹೊಡೆಯಲು ಬಿಡುತ್ತಿರಲಿಲ್ಲ. ಅದಕ್ಕೂ ಹಿಂದಿನವನೂ ಬಿಟ್ಟಿರಲಿಲ್ಲ. ಅತ್ತೆ ಮಾವನ ಮದುವೆಯ ಫೋಟೊ ಮೂವತ್ತು ವರ್ಷ ಜೋಳದ ಡಬ್ಬಿಗೆ ಒರಗಿ ನಿಂತಿತ್ತು. ಜೋಳ ತೆಗೆಯುವಾಗಲೆಲ್ಲ ಅತ್ತೆ ಮೊದಲು ಗಂಡನನ್ನು ಎತ್ತಿ ಪಕ್ಕಕ್ಕಿಡಬೇಕು!

ಆಗ ಬಂತು ನೋಡಿ ಯೋಗ. ಕಡಿಮೆ ಆದಾಯದವರಿಗೆಂದು ಸರ್ಕಾರದವರು ಊರಾಚೆ, ಸಿರುಗುಪ್ಪ ರಸ್ತೆಯ ಕಡೆ, ಸಾಲು ಮನೆ ಕಟ್ಟಿಸಿದರು. ಮಾವ ಅತ್ತೆಯ ಹೆಸರಿನಲ್ಲಿ ಅರ್ಜಿ ಹಾಕಿದ. ಚೀಟಿ ಎತ್ತಿದಾಗ ಹೆಸರು ಬಂತು! ಅತ್ತೆ ಅಂದೇ ಬಜಾರಿಗೆ ಹೋಗಿ ಒಂದು ಮೊಳೆ ಕೊಂಡು ತಂದು ದೇವರ ಮುಂದಿಟ್ಟಳು. ಇನ್ನು ಆಗಬೇಕಾದದ್ದು ಕರಾರು. ಹತ್ತು ವರ್ಷ ಕಂತು ಕಟ್ಟಬೇಕು, ಅಲ್ಲಿಯವರೆಗೆ ಮಾರಬಾರದು, ಬಾಡಿಗೆಗೆ ಕೊಡಬಾರದು, ಆಮೇಲೆ ಖಾಯಂ ಪತ್ರ. ಹದಿನೈದು ದಿನದೊಳಗೆ ಸಹಿ ಮಾಡದಿದ್ದರೆ ಮನೆ ಮುಂದಿನ ಹೆಸರಿನವರಿಗೆ. ಅಂಥ ಹೆಸರುಗಳು ನೂರಾರು ಕಾದು ಕುಳಿತಿದ್ದವು.

ಬೇರೆ ಯಾರಾದರೂ ಆಗಿದ್ದರೆ ಅಂದೇ ಓಡಿಹೋಗಿ ಸಹಿ ಮಾಡಿಸುತ್ತಿದ್ದರು. ಮಾವ ಕರಾರಿನ ಅಚ್ಚು ಕಾಗದವನ್ನು ಓದಿದ. ಚೆಕ್ಕುಬಂದಿಯ ಜಾಗಕ್ಕೆ ಬಂದ. ಅಲ್ಲಿ ಪೂರ್ವಕ್ಕೆ ಮನೆ ನಂಬರ್ ಇಷ್ಟು, ಪಶ್ಚಿಮಕ್ಕೆ ನಂಬರ್ ಇಷ್ಟು ಎಂದು ಬರೀ ಅಂಕಿಗಳಿದ್ದವು. ಮಾವ ಕಾಗದ ಮಡಚಿದ.

"ಮನುಷ್ಯಾರ ಹೆಸರು ಎಲ್ಲ್ಯದಾವ್ರಿ?" ಎಂದು ಗುಮಾಸ್ತನನ್ನು ಕೇಳಿದ.

"ಹೆಸರು ಯಾಕ್ರಿ? ನಂಬರ್ ಐತಲ್ಲ."

"ನಂಬರಿಗೆ ಕಿವಿ ಅದಾವೇನ್ರಿ? ಮನಿಗೆ ಕಳ್ಳ ಬಂದಾನಂತ ಕೂಗಿದ್ರ ನಂಬರ್ ಹದಿನೇಳು ಬಡಿಗಿ ಹಿಡಕೊಂಡು ಬರತೈತೇನು?"

ಅಂದು ಸಹಿ ಆಗಲಿಲ್ಲ. ಮಾರನೆಯ ದಿನವೂ ಆಗಲಿಲ್ಲ. ಮನೆಯಲ್ಲಿ ಅತ್ತೆ ಮಾತು ಬಿಟ್ಟಳು. ತಾಟಿನ ಉತ್ತರ ದಿಕ್ಕಿಗೆ ಬೆಣ್ಣೆ ಬರುವುದು ನಿಂತಿತು. ಮಾವ ಚೀಟಿ ಬಂದವರ ಪಟ್ಟಿ ನಕಲು ಮಾಡಿಕೊಂಡು, ನನ್ನನ್ನು ಕರೆದುಕೊಂಡು, ಬಳ್ಳಾರಿಯ ಬಿಸಿಲಿನಲ್ಲಿ ಅಕ್ಕಪಕ್ಕದವರನ್ನು ಹುಡುಕಲು ಹೊರಟ. ಇನ್ನೂ ಕಾಲಿಡದ ಮನೆಯ ಅಕ್ಕಪಕ್ಕದವರನ್ನು!

ಪೂರ್ವದವನು ಕೌಲ್ ಬಜಾರಿನಲ್ಲಿ ಸಿಕ್ಕ. ಹನುಮಂತಪ್ಪ ಎಂಬ ಟೇಲರ್. ಬಾಯಲ್ಲಿದ್ದ ದಾರ ತೆಗೆದು, ಅಳತೆ ಕೊಡಲು ಬಂದವರೆಂದುಕೊಂಡು ಮಾವನ ಎದೆಗೆ ಟೇಪು ಹಿಡಿದ. ಪಶ್ಚಿಮದವನು ರೈಲ್ವೆ ಸ್ಟೇಷನ್ನಿನ ಮುಂದಿನ ಜಟಕಾ ಮಹಬೂಬಸಾಬ್. ವಿಷಯ ಕೇಳಿ ಅವನು ನಮ್ಮನ್ನು ಜಟಕಾದಲ್ಲಿ ಕೂರಿಸಿಕೊಂಡು ದಕ್ಷಿಣದವಳನ್ನು ಹುಡುಕಲು ತಾನೂ ಬಂದ. ದಕ್ಷಿಣದವಳು, ಎಂದರೆ ಓಣಿಯಾಚೆಯ ಎದುರು ಮನೆಯವಳು, ದವಾಖಾನೆಯ ಆಯಾ ಸುಂಕಮ್ಮ. "ಇಲ್ಲು ಚೂಡಲೇದು, ನನ್ನು ಚೂಡಡಾನಿಕಿ ವಚ್ಚಾರಾ!" ಮನೆ ನೋಡಿಲ್ಲ, ನನ್ನನ್ನು ನೋಡಲು ಬಂದಿರಾ ಎಂದು ತೆಲುಗಿನಲ್ಲಿ ಕೇಳಿ ಅವಳು ಹೊಟ್ಟೆ ಹಿಡಿದು ನಕ್ಕಳು. ಹೆಣ್ಣು ನೋಡಲು ಬಂದವರನ್ನು ಉಪಚರಿಸಿದಂತೆ ಚಹಾ ತರಿಸಿದಳು. ಹೀಗೆ ಮೂರು ದಿಕ್ಕುಗಳಿಗೆ ಹನ್ನೆರಡು ದಿನ ಹಿಡಿಯಿತು.

ಉತ್ತರ ಸಿಗಲಿಲ್ಲ. ಚೀಟಿಯಲ್ಲಿ ಆ ಮನೆ ಬಂದವರು ಬೇಡವೆಂದು ವಾಪಸ್ ಮಾಡಿದ್ದರು, ಅದು ಇನ್ನು ಯಾರಿಗೆ ಎಂದು ಕಚೇರಿಯಲ್ಲಿ ಇನ್ನೂ ತೀರ್ಮಾನವಾಗಿರಲಿಲ್ಲ. ಇನ್ನು ಮೂರು ದಿನ ಉಳಿದಿತ್ತು. ನನಗೂ ರೇಗಿತು.

"ಮಾವ, ಅತ್ತಿ ಅಳಾಕತ್ತಾಳ. ನಿಂಗ ಮನಿ ಬೇಕೋ, ಚೆಕ್ಕುಬಂದಿ ಬೇಕೋ?"

ಮಾವ ರಸ್ತೆಯ ಪಕ್ಕದ ಕಟ್ಟೆಯ ಮೇಲೆ ಕುಳಿತ. ಅವನು ನಗದೆ ಮಾತಾಡಿದ್ದನ್ನು ನಾನು ಕಂಡದ್ದು ಅದೇ ಮೊದಲು.

"ಸಿರುಗುಪ್ಪದಾಗ ನಮ್ಮ ಅವ್ವಗ ಒಂದು ಮನಿ ಇತ್ತು. ಪತ್ರದಾಗ ಉತ್ತರಕ್ಕ ಬೇವಿನ ಗಿಡ ಅಂತ ಬರದಿದ್ರು. ನಾನು ಹತ್ತು ವರ್ಷದಾವ ಇದ್ದಾಗ ಗಿಡದಾಚಿ ಮನಿಯವರು ಒಂದಿನ ಆ ಗಿಡ ಕಡದ್ರು. ಗಿಡ ಹೋತು, ಅದರ ಕೂಡ ಗಡಿನೂ ಹೋತು. ಅಡಗಿಮನಿ ಅವರದಾತು. ಗಿಡ ಎಲ್ಲಿತ್ತಂತ ಹೇಳಾಕ ಒಬ್ಬರೂ ಮುಂದ ಬರಲಿಲ್ಲ. ಅವ್ವ ಸಾಯೋತನಕ ಅಂಗಳದಾಗ ಮೂರು ಕಲ್ಲಿಟ್ಟು ಅಡಗಿ ಮಾಡಿದ್ಲು. ಗಿಡ ಸಾಕ್ಷಿ ಹೇಳೂದಿಲ್ಲವ್ವ, ನಂಬರೂ ಹೇಳೂದಿಲ್ಲ. ನಿಮ್ಮತ್ತಿಗೆ ಹಂಗಾಗಬಾರದು."

ಆ ಅವ್ವ ನನ್ನ ಅಜ್ಜಿ. ಅವಳು ಯಾಕೆ ಅಂಗಳದಲ್ಲಿ ಅಡುಗೆ ಮಾಡುತ್ತಿದ್ದಳೆಂದು ನಾನು ಎಂದೂ ಕೇಳಿರಲಿಲ್ಲ.

ಕೊನೆಯ ದಿನ, ಕಚೇರಿ ಮುಚ್ಚುವ ಹೊತ್ತಿಗೆ ಸರಿಯಾಗಿ ಅತ್ತೆ ಹೆಬ್ಬೆಟ್ಟು ಒತ್ತಿದಳು. ಗುಮಾಸ್ತನನ್ನು ಕಾಡಿ ಬೇಡಿ ನಂಬರುಗಳ ಕೆಳಗೆ ಮಾವ ಮೂರು ಹೆಸರು ಬರೆದ. ಉತ್ತರಕ್ಕೆ ಏನು ಬರೆದ ಗೊತ್ತೇ? 'ಮುಂದೆ ಬರಲಿರುವವರ ಮನೆ' ಎಂದು. ಗುಮಾಸ್ತ ತಲೆ ಕೆರೆದುಕೊಂಡ. ಮನೆ ಸಿಕ್ಕರೆ ಸಾಕೆಂದು ನಾವು ಅಲ್ಲಿಂದ ಓಡಿದೆವು.

ಆರು ತಿಂಗಳ ಮೇಲೆ ಆ ಮನೆಗೆ ಕುಡತಿನಿಯ ಗೌಂಡಿ, ಗಾರೆ ಕೆಲಸದ ದೇವಣ್ಣ, ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಬಂದ. ಮಾವ ಒಂದು ಬಿಂದಿಗೆ ನೀರು ಹೊತ್ತು ಅವನ ಬಾಗಿಲಿಗೆ ಹೋದ. "ಬರ್ರಿ, ಬರ್ರಿ! ನಿಮ್ಮ ಜಾಗಕ್ಕ ಪತ್ರದಾಗ ಟವೆಲ್ ಹಾಕಿಟ್ಟೀನಿ!" ಎಂದ. ಪಾಪ, ದೇವಣ್ಣನಿಗೆ ಈ ಮನುಷ್ಯ ಸರಿಯಿದ್ದಾನೋ ಇಲ್ಲವೋ ಎಂದು ತಿಳಿಯಲು ವರ್ಷ ಹಿಡಿಯಿತು.

ಅಂತೂ ಅತ್ತೆ ಮೊಳೆ ಹೊಡೆದಳೇ? ಎಲ್ಲಿ! ಗೃಹಪ್ರವೇಶದ ದಿನವೇ ಅವಳು ಕಲ್ಲು ಎತ್ತಿಕೊಂಡಿದ್ದಳು. ಮಾವ ಅಡ್ಡ ನಿಂತ.

"ಖಾಯಂ ಪತ್ರ ಆಗೋತನಕ ಗ್ವಾಡಿ ಸರ್ಕಾರದ್ದು. ಇನ್ನೊಬ್ಬರ ಗ್ವಾಡಿಗೆ ಮೊಳಿ ಹೊಡಿಯೂದು ಕರಾರಿಗೆ ವಿರುದ್ಧ."

"ಮೂವತ್ತು ವರ್ಷ ಆ ಮಾಲಕ್ರು ಕಾಡಿದ್ರು. ಇನ್ನು ಹತ್ತು ವರ್ಷ ನೀವು ಕಾಡ್ರಿ!" ಎಂದಳು ಅತ್ತೆ. ಫೋಟೊ ಮತ್ತೆ ಜೋಳದ ಡಬ್ಬಿಗೆ ಒರಗಿತು. ಮೊಳೆ ದೇವರ ಗೂಡಿನಲ್ಲಿ ಕುಳಿತು ಹತ್ತು ವರ್ಷ ಕುಂಕುಮ ಹಚ್ಚಿಸಿಕೊಂಡಿತು.

ಖಾಯಂ ಪತ್ರದ ದಿನ ನಾನು ಸಿರುಗುಪ್ಪದಿಂದ ಬಂದಿದ್ದೆ, ಆಗ ಅಲ್ಲಿ ಟೀಚರ್ ಆಗಿದ್ದೆ. ಮಾವನ ಕಣ್ಣಿಗೆ ಪೊರೆ ಬಂದಿತ್ತು. ಹುಣಸೆಮರದ ಕೆಳಗೆ ಬೇರೆ ಯಾರದೋ ಚಾಪೆ ಇತ್ತು. ಸಬ್ ರಿಜಿಸ್ಟ್ರಾರ್ ಸಾಹೇಬರು ಕಾಗದದಿಂದ ತಲೆ ಎತ್ತಿ ಅತ್ತೆಯನ್ನು ಕೇಳಿದರು.

"ನಿಮ್ಮ ಮನಿ ನಂಬರ್ ಎಷ್ಟಮ್ಮ?"

ಅತ್ತೆಗೆ ನಂಬರು ಗೊತ್ತಿರಲಿಲ್ಲ. ಮಾವ ಬಾಯಿ ತೆರೆದ. ಸಾಹೇಬರು ಕೈ ಎತ್ತಿ ತಡೆದರು. "ನೀವು ಸುಮ್ಮನಿರ್ರಿ. ಮನಿ ಯಾರದೋ ಅವರು ಹೇಳ್ಲಿ."

ಅತ್ತೆ ಸೆರಗು ಸರಿಮಾಡಿಕೊಂಡಳು. ಆಮೇಲೆ, ಜನ್ಮದಲ್ಲಿ ಎಂದೂ ಚೆಕ್ಕುಬಂದಿಗೆ ಒಳ್ಳೆಯ ಮಾತಾಡದ ಆ ಹೆಂಗಸು ಶುರು ಮಾಡಿದಳು.

"ಮೂಡಲಕ್ಕ ಟೇಲರ್ ಹನುಮಂತಪ್ಪ, ಆತನ ಹೆಂಡ್ತಿ ಬಾಣಂತನ ನಾನ ಮಾಡೀನಿ. ಪಡುವಲಕ್ಕ ಮಹಬೂಬಸಾಬ್, ಇವರಿಗೆ ಎದಿನೋವು ಬಂದಾಗ ಜಟಕಾ ಹಾರಿಸಿಕೊಂಡು ದವಾಖಾನಿಗೆ ಒಯ್ದಾವ. ತೆಂಕಲಕ್ಕ ಸುಂಕಮ್ಮ, ಅಲ್ಲಿ ಇವರ ಕಾಲ ಹತ್ರ ಮೂರು ದಿನ ಕುಂತಾಕಿ. ಬಡಗಲಕ್ಕ ಗೌಂಡಿ ದೇವಣ್ಣ, ಮಳಿಗಾಲದಾಗ ನಮ್ಮ ಮಾಳಿಗಿ ಸೋರಿದ್ರ ಕರಿಯದನ ಬಂದು ಹತ್ತಾವ. ಇಷ್ಟೂ ಮಂದಿ ನಡುವ ನಮ್ಮನಿ. ನಂಬರ್ ನನಗ ಗೊತ್ತಿಲ್ಲ ಸಾಹೇಬ್ರ. ಬೇಕಾದ್ರ ಹೊರಗ ಅದಾರ, ಅವರನ್ನ ಕೇಳ್ರಿ."

ಸಾಹೇಬರು ಬಾಗಿಲ ಕಡೆ ನೋಡಿದರು. ಸಾಕ್ಷಿಗೆ ಇಬ್ಬರು ಸಾಕಾಗಿತ್ತು, ನಾಲ್ವರೂ ಬಂದು ನಿಂತಿದ್ದರು. ನಾನು ಮಾವನ ಕಡೆ ನೋಡಿದೆ. ಅವನು ಕನ್ನಡಕ ತೆಗೆದು ಒರೆಸುತ್ತಿದ್ದ. ಪೊರೆ ಬಂದ ಕಣ್ಣಲ್ಲಿ ನೀರು ಬರುವುದು ಸಹಜ ಎಂದು ಆಮೇಲೆ ವಾದಿಸಿದ. ನಾವು ಒಪ್ಪಿಕೊಂಡೆವು.

ಮನೆಗೆ ಬಂದೊಡನೆ ಅತ್ತೆ ದೇವರ ಗೂಡಿನಿಂದ ಮೊಳೆ ತೆಗೆದಳು. ದೇವಣ್ಣ ಸುತ್ತಿಗೆ ತಂದು ತಾನೇ ಹೊಡೆಯುತ್ತೇನೆಂದ, ಅವಳು ಕೊಡಲಿಲ್ಲ. ಮೊದಲ ಏಟಿಗೆ ಅಂಗೈಯಗಲ ಗಾರೆ ಉದುರಿತು. ಮೂರನೆಯದಕ್ಕೆ ಮೊಳೆ ನಿಂತಿತು, ಸ್ವಲ್ಪ ಸೊಟ್ಟಗೆ. ಹನುಮಂತಪ್ಪ ದಾರ ಕಟ್ಟಿಕೊಟ್ಟ. ನಲವತ್ತು ವರ್ಷ ಹಳೆಯ ಮದುಮಕ್ಕಳು ಜೋಳದ ಡಬ್ಬಿಯಿಂದ ಗೋಡೆಗೆ ಏರಿದರು. ಸುಂಕಮ್ಮ ಚಪ್ಪಾಳೆ ತಟ್ಟಿದಳು. ಮಹಬೂಬಸಾಬ್ ಎಲ್ಲರ ಕೈಗೂ ಪೇಢೆ ಇಟ್ಟ.

ಮಾವ ಮಾತ್ರ ಕಂಬಕ್ಕೆ ಒರಗಿ ಸುಮ್ಮನೆ ಕುಳಿತಿದ್ದ.

"ಯಾಕ್ರಿ, ಇವತ್ತ ಬಾಯಿಗೆ ಬೀಗ? ಫೋಟೊಕ್ಕೂ ಒಂದು ಚೆಕ್ಕುಬಂದಿ ಹೇಳ್ರಲ್ಲ" ಎಂದಳು ಅತ್ತೆ.

ಮಾವ ಪೊರೆಗಣ್ಣು ಕಿರಿದು ಮಾಡಿ ನಾಲ್ವರನ್ನೂ ಒಬ್ಬೊಬ್ಬರಾಗಿ ನೋಡಿದ. ಆಮೇಲೆ ಅತ್ತೆಯ ಕಡೆ ತಿರುಗಿದ.

"ಏನಂತ ಹೇಳ್ಲಿ? ನಾಕೂ ದಿಕ್ಕು ಒಳಗ ಬಂದು ಕುಂತಾವಲ್ಲ" ಎಂದ.