ಪುಟ್ಟಬಸವಯ್ಯನ ಹೆಪ್ಪು ದಿಗ್ವಿಜಯ

ಮೈಸೂರಿನ ನಜರಬಾದಿನಲ್ಲಿ ಹಳೆಯ ವಠಾರವೊಂದರ ಹಿತ್ತಿಲು. ಮಧ್ಯಾಹ್ನದ ಬಿಸಿಲು ನುಗ್ಗೆಮರದ ಸಣ್ಣೆಲೆಗಳಲ್ಲಿ ಸೋಸಿ ಬಂದು ನೆಲದ ಮೇಲೆ ಚುಕ್ಕಿ ಚುಕ್ಕಿಯಾಗಿ ಬಿದ್ದಿದೆ. ಒಗೆಯುವ ಕಲ್ಲಿನ ಪಕ್ಕದಲ್ಲಿ ಒಂದು ಮಣ್ಣಿನ ಮಡಕೆ. ಅದರ ಹೊಟ್ಟೆಯ ಸುತ್ತ ಬೆರಳು ತೂರುವಷ್ಟು ತೂತುಗಳ ಸಾಲು. ಬಾಯಿಗೆ ಸೊಟ್ಟಗಾದ ಅಲ್ಯೂಮಿನಿಯಂ ತಟ್ಟೆ. ತಟ್ಟೆಯ ಮೇಲೊಂದು ಇಟ್ಟಿಗೆ. ಇಟ್ಟಿಗೆಯ ಮೇಲೆ ಒಂದು ನೊಣ ಮುಂಗಾಲುಗಳನ್ನು ಒಂದಕ್ಕೊಂದು ಉಜ್ಜುತ್ತ, ಅಕಾಲದ ಸಂಧ್ಯಾವಂದನೆಯಲ್ಲಿ ತೊಡಗಿದಂತೆ ಕುಳಿತಿದೆ. ಮಡಕೆಗೆ ನೇರ ಎದುರಾಗಿ ಒಂದು ಅಡಿಗೆಮನೆಯ ಕಿಟಕಿ. ಅದರ ಕದಗಳೆರಡೂ ಬಿಗಿಯಾಗಿ ಮುಚ್ಚಿವೆ. ಗಾಳಿಯಿಲ್ಲ. ಎಲೆ ಅಲುಗದು. ಲೋಕವಿನ್ನೂ ನಡೆಯುತ್ತಿದೆ ಎಂಬುದಕ್ಕೆ ಆ ನೊಣವೊಂದೇ ಸಾಕ್ಷಿ.

ಎಲೌ ವಾಗ್ದೇವಿಯೇ, ಬಿಳಿದಾವರೆಯಿಂದ ಒಂದು ಗಳಿಗೆ ಕೆಳಗಿಳಿದು, ಈ ಬಾಳೆಹಣ್ಣಿನ ಸಿಪ್ಪೆಯ ಮೇಲೆ ಜಾರದಂತೆ ಆಸೀನಳಾಗಿ ನನ್ನ ನಾಲಗೆಯನ್ನು ನಡೆಸು. ಕೃತಯುಗದ ಜನ ಕಸವೆಂಬ ಮಾತನ್ನೇ ಅರಿಯರು; ತ್ರೇತೆಯವರು ಎಲೆಯಲ್ಲಿ ಉಂಡು ಎಲೆಯನ್ನು ಹಸುವಿಗಿಟ್ಟರು; ದ್ವಾಪರದವರು ತಿಪ್ಪೆಗೆ ಸುರಿದು ಗದ್ದೆಗೆ ಸಾಗಿಸಿದರು. ಈ ಕಲಿಯುಗದಲ್ಲಾದರೋ, ಕಸವೇ ಹಸಿಯೆಂದೂ ಒಣವೆಂದೂ ಎರಡು ಕುಲವಾಗಿ ಒಡೆದು ಹಸಿರು ಬಕೆಟ್ಟು ನೀಲಿ ಬಕೆಟ್ಟುಗಳ ಕೋಟೆಗಳಲ್ಲಿ ಬೀಡುಬಿಟ್ಟಿರಲು, ಮುಂಜಾನೆ ಕಸದ ಗಾಡಿಯ ಹಾಡು ರಣಶಂಖದಂತೆ ಮೊಳಗಲು, ಗೃಹಸ್ಥರು ಪಂಚೆ ಎತ್ತಿಕಟ್ಟಿ ಅದರ ಹಿಂದೆ ಓಡುತ್ತಿರಲು, ಓಡದೆ ನಿಂತವನೊಬ್ಬನಿದ್ದನು. ಸಿಪ್ಪೆಸಂಕುಲಸಂರಕ್ಷಕನೂ, ಪ್ಲಾಸ್ಟಿಕ್‌ಕುಲಕುಠಾರನೂ, ಕಾಫಿಚರಟಪರಿಮಳಿತಕರತಲನೂ, ವಿಮಾ ಕಚೇರಿಯೊಂದರ ಹಿರಿಯ ಗುಮಾಸ್ತನೂ ಆದ ಪುಟ್ಟಬಸವಯ್ಯನೇ ಆ ಧೀರನು.

ತಿಂಗಳ ಹಿಂದೊಂದು ಭಾನುವಾರ ಅವನು ನಲ್ಲಿಯ ಕಟ್ಟೆಯನ್ನೇರಿ, ಬಲಗೈಯಲ್ಲಿ ಬೂದುಗುಂಬಳದ ತಿರುಳನ್ನು ಎತ್ತಿಹಿಡಿದು ಗರ್ಜಿಸಿದ್ದನು: “ಕೇಳಿರಿ, ವಠಾರದ ಮಹಾಜನಗಳೇ. ಸೂರ್ಯನು ಪಡುವಲಲ್ಲಿ ಹುಟ್ಟಲಿ, ಕಾವೇರಿಯು ಕೊಡಗಿಗೆ ಹಿಂದಿರುಗಲಿ, ಈ ಪುಟ್ಟಬಸವಯ್ಯನ ಮನೆಯಿಂದ ಒಂದು ಹೀರೇಕಾಯಿ ಸಿಪ್ಪೆಯೂ ಆಚೆ ಹೋಗದು. ಒಂದು ಪ್ಲಾಸ್ಟಿಕ್ ಕವರೂ ಒಳಗೆ ಬಾರದು. ಎಲ್ಲವನ್ನೂ ಈ ಕುಂಭವು ನುಂಗಿ ಗೊಬ್ಬರವಾಗಿಸುವುದು.” ದೇವತೆಗಳು ಹೂಮಳೆಗರೆಯಲಿಲ್ಲ. ನುಗ್ಗೆಮರ ಒಂದು ಕಂಬಳಿಹುಳುವನ್ನು ಉದುರಿಸಿತು. ಅವನಿಗೆ ಅಷ್ಟೇ ಸಾಕಾಯಿತು.

ಆದರೆ ಕುಂಭವು ನುಂಗಿತೇ ಹೊರತು ಅರಗಿಸಿಕೊಳ್ಳಲಿಲ್ಲ. ದಿನವೂ ಬೆಳಗ್ಗೆ ಅವನು ಜ್ವರದ ಮಗುವಿನ ಹಣೆ ಮುಟ್ಟುವ ತಂದೆಯಂತೆ ಅದರೊಳಗೆ ಕೈಯಿಟ್ಟು ನೋಡುವನು. ಅದು ಹಳೆಯ ಬಾವಿಯ ಕಲ್ಲಿನಂತೆ ತಣ್ಣಗಿರುವುದು. ಸಿಪ್ಪೆ ಸಿಪ್ಪೆಯಾಗಿಯೇ ಉಳಿದು ವಾಸನೆಯೊಂದೇ ಪ್ರೌಢವಾಯಿತು. ಎದುರಿನ ಕಿಟಕಿ ಮುಚ್ಚಿತು. ಅದರ ಒಡತಿ, ವಾತಾಯನಪಿಧಾನಧುರಂಧರೆ ವಿಶಾಲಾಕ್ಷಮ್ಮ, ಪುಟ್ಟಬಸವಯ್ಯನ ಹೆಂಡತಿ ದೇವಮ್ಮಣ್ಣಿಯೊಂದಿಗೆ ಮಾತು ಬಿಟ್ಟಳು.

ಹೀಗಿರಲಾಗಿ ಕಚೇರಿಯ ಸಹೋದ್ಯೋಗಿಯೊಬ್ಬ ಹುಳಿ ಮೊಸರಿನ ರಹಸ್ಯವನ್ನು ಉಪದೇಶಿಸಿದನು: ಒಂದಿಷ್ಟು ನೀರಿನಲ್ಲಿ ಕದಡಿ ಹುಯ್ದರೆ ಎಂಥ ತಣ್ಣನೆಯ ಗೊಬ್ಬರವೂ ಕಾವೇರುವುದಂತೆ. ಆ ಶನಿವಾರ ಮಧ್ಯಾಹ್ನ, ದೇವಮ್ಮಣ್ಣಿ ಸೆರಗು ಹೊದ್ದು ಅಡ್ಡಾಗಿದ್ದ ಹೊತ್ತಿನಲ್ಲಿ, ನಮ್ಮ ವೀರನು ಅಡಿಗೆಮನೆಯನ್ನು ಹೊಕ್ಕನು. ಗೂಡಿನಲ್ಲಿ ಮುಚ್ಚಿಟ್ಟ ಪುಟ್ಟ ಬಟ್ಟಲು. ತಳದಲ್ಲಿ ಒಂದು ಚಮಚ ಮೊಸರು. ಎಲ್ಲೆಲ್ಲೂ ಉಳಿದದ್ದನ್ನೂ ಬಿಸುಟದ್ದನ್ನೂ ಹುಡುಕಿ ಹುಡುಕಿ ಪಳಗಿದ್ದ ಅವನ ಕಣ್ಣಿಗೆ ಅದೂ ಯಾರೋ ಉಂಡು ಬಿಟ್ಟ ಶೇಷದಂತೆಯೇ ಕಂಡಿತು. ಕದಡಿದನು, ಕುಂಭಕ್ಕೆ ಅಭಿಷೇಕ ಮಾಡಿದನು, ನೊಣವನ್ನು ನಮಸ್ಕರಿಸಿ ಓಡಿಸಿದನು.

ಸಂಜೆಯ ಕಾಫಿಯಾದ ಮೇಲೆ ಕೈಯಿಟ್ಟು ನೋಡುತ್ತಾನೆ: ಬೆಚ್ಚಗಿದೆ. ಮೊದಲು ನಂಬಲಿಲ್ಲ; ಕೈ ಒರೆಸಿಕೊಂಡು ಮತ್ತೆ ಇಟ್ಟನು. ಹೊದಿಕೆಯೊಳಗೆ ಮಲಗಿದ ಮಗುವಿನ ಅಂಗಾಲಿನಷ್ಟು ಬೆಚ್ಚಗಿದೆ. ಕಂಡವರ ಮರಣದ ಕಾಗದಗಳಿಗೆ ಮೊಹರು ಒತ್ತಿ ಒತ್ತಿ ಸವೆದ ಕೈ ಅದು. ಸತ್ತದ್ದು ಮೆಲ್ಲಗೆ ಉಸಿರಾಡತೊಡಗುವುದನ್ನು ಅದು ಮುಟ್ಟಿದ್ದು ಇದೇ ಮೊದಲು. ಪುಟ್ಟಬಸವಯ್ಯನ ಕಣ್ಣು ತುಂಬಿತು. ಈ ಮಡಕೆಯನ್ನು ಇನ್ನು ಯಾರಿಗೂ ಬಿಟ್ಟುಕೊಡಲಾರೆನೆಂದು ಅವನಿಗೆ ಆಗಲೇ ತಿಳಿದುಹೋಯಿತು.

ಅಷ್ಟರಲ್ಲಿ ಅಡಿಗೆಮನೆಯಿಂದ ಕೂಗು ಬಂತು.

“ರೀ, ಇಲ್ಲಿ ಬಟ್ಲಲ್ಲಿ ಹೆಪ್ಪಿತ್ತಲ್ಲ?”

“ಯಾವ ಹೆಪ್ಪು?”

“ಗೂಡಲ್ಲಿ ಮುಚ್ಚಿಟ್ಟಿದ್ದೆ. ರಾತ್ರಿ ಹಾಲಿಗೆ ಅಂತ.”

ವೀರನು ನುಗ್ಗೆಮರವನ್ನು ನೋಡಿದನು. ಮರವು ಯಾವ ಸಹಾಯವನ್ನೂ ಮಾಡಲಿಲ್ಲ. “ದೇವಿ,” ಎಂದನು ಗಂಭೀರವಾಗಿ, “ಅದು ಲೋಕಕಲ್ಯಾಣಾರ್ಥವಾಗಿ ಕುಂಭವನ್ನು ಸೇರಿತು.”

“ಏನು, ಆ ಗಬ್ಬು ಮಡಕೆಗೆ ಹುಯ್ದ್ರಾ?”

“ಗಬ್ಬು ಹೋಗ್ತದೆ. ಬಿಸಿಯಾಗಿದೆ ಈಗ. ಬೇಕಾದ್ರೆ ಮುಟ್ಟಿ ನೋಡು.”

“ನನಗೂ ಬಿಸಿಯಾಗಿದೆ. ಮುಟ್ಟಿ ನೋಡ್ತೀರಾ?”

ಆ ಹೆಪ್ಪಿನ ವಂಶಾವಳಿಯನ್ನು ಹೇಳುವೆನು, ಕೇಳಿ. ದೇವಮ್ಮಣ್ಣಿಯ ತಾಯಿ ಮಗಳನ್ನು ಗಂಡನ ಮನೆಗೆ ಕಳಿಸುವಾಗ ಒಡವೆಯ ಪೆಟ್ಟಿಗೆಯನ್ನು ಬೀಗರ ಕೈಗೆ ಕೊಟ್ಟು, ಹೆಪ್ಪಿನ ಬಟ್ಟಲನ್ನು ಮಾತ್ರ ಮಗಳ ಮಡಿಲಿಗಿಟ್ಟಿದ್ದಳು. ಕೊಳ್ಳೇಗಾಲದ ಬಸ್ಸಿನಲ್ಲಿ ಮದುಮಗಳು ಮದುಮಗನ ಕಡೆ ತಿರುಗದೆ ಆ ಬಟ್ಟಲನ್ನೇ ಕಾಯುತ್ತ ಬಂದಳು. ಅಂದಿನಿಂದ ಇಂದಿನ ಮೊಸರಿನಿಂದ ನಾಳೆಯ ಮೊಸರು, ನಾಳೆಯದರಿಂದ ನಾಡಿದ್ದಿನದು, ಹೀಗೆ ಅಖಂಡವಾಗಿ ಬೆಳೆದ ಕುಲ ಅದು. ತಾಯಿ ತೀರಿಕೊಂಡಳು; ಅವಳ ಕೈಯ ಹುಳಿ ಮಗಳ ಬಟ್ಟಲಿನಲ್ಲಿ ಉಳಿಯಿತು.

ದೇವಮ್ಮಣ್ಣಿ ಅಳಲಿಲ್ಲ. ಅದು ಇನ್ನೂ ಭಯಂಕರವಾಗಿತ್ತು. “ಹಾಲು ಕಾಯಿಸಿ ಆರೋಕಿಟ್ಟಿದೀನಿ,” ಎಂದಳು. “ಇವತ್ತು ಅದಕ್ಕೆ ಹೆಪ್ಪು ಬೀಳದೆ ಇದ್ರೆ, ನಾಳೆ ಬೆಳಗ್ಗೆ ನಿಮ್ಮ ಮಡಕೇನ ನಾನೇ ಗಾಡಿಗೆ ಹತ್ತಿಸ್ತೀನಿ.”

“ಅಂಗಡಿಯಿಂದ...” ಎಂದು ಆರಂಭಿಸಿದ ವೀರನು ತಾನೇ ನಿಲ್ಲಿಸಿದನು.

“ತನ್ನಿ. ಪ್ಯಾಕೆಟ್ಟಲ್ಲೇ ತಾನೆ ಬರೋದು? ಕವರ್ ಒಳಗೆ ಬರಲ್ಲ ಅಂತ ಯಾರೋ ನಲ್ಲಿ ಕಟ್ಟೆ ಹತ್ತಿ ಕೂಗಿದ ಹಾಗಿತ್ತು.”

“ಹಾಗಾದ್ರೆ ಎಲ್ಲಿ ಸಿಗ್ತದೆ?”

“ವಿಶಾಲಾಕ್ಷಮ್ಮನ ಮನೇಲಿ. ದೀಪಾವಳೀಲಿ ಅವರದು ಕೆಟ್ಟು ಹೋದಾಗ ನಾನೇ ಕೊಟ್ಟಿದ್ದೆ. ನಮ್ಮಮ್ಮಂದು ಅಂತ ಇನ್ನು ಉಳಿದಿರೋದು ಅಲ್ಲೊಂದೇ.”

“ನೀನೇ ಹೋಗಿ ಒಂದು ಮಾತು...”

“ನಿಮ್ಮ ಮಡಕೆಯಿಂದ ತಾನೆ ಅವರು ನನ್ನ ಜೊತೆ ಮಾತು ಬಿಟ್ಟಿದ್ದು. ನೀವೇ ಹೋಗಿ. ದೀಪ ಹಚ್ಚೋದರೊಳಗೆ ಹೋಗಿ.”

ಏಕೆಂದರೆ, ದೀಪ ಹಚ್ಚಿದ ಮೇಲೆ ಹೆಪ್ಪನ್ನು ಹೊರಗೆ ಕೊಡುವ ಪದ್ಧತಿಯಿಲ್ಲ. ಕೊಟ್ಟರೆ ಮನೆಯ ಲಕ್ಷ್ಮಿ ಅದರ ಹಿಂದೆಯೇ ಹೊರಟುಬಿಡುವಳು. ಪಡುವಣದಲ್ಲಿ ಸೂರ್ಯನು ಆಗಲೇ ಹೆಂಚಿನ ಅಂಚಿಗೆ ಗಲ್ಲವೂರಿದ್ದನು. ಕಳಿಂಗದ ಕಡೆಗೆ ದಂಡೆತ್ತಿ ಹೊರಟ ಸಾಮ್ರಾಟನಂತೆ, ಹವಾಯಿ ಚಪ್ಪಲಿ ಮೆಟ್ಟಿ, ಬನಿಯನ್ನಿನ ತೂತನ್ನು ಟವೆಲಿನಿಂದ ಮರೆಮಾಡಿ, ಪುಟ್ಟಬಸವಯ್ಯನು ಅಂಗಳವೆಂಬ ಅಪಾರ ಅರಣ್ಯವನ್ನು ಪ್ರವೇಶಿಸಿದನು. ಒಗೆಯುವ ಕಲ್ಲೆಂಬ ಪರ್ವತವನ್ನು ಬಳಸಿದನು. ನಲ್ಲಿಯ ಕೆಸರೆಂಬ ಮಹಾನದಿಯನ್ನು ಹಾರಿದನು. ತಂತಿಯ ಮೇಲೆ ಒಣಗುತ್ತಿದ್ದ ವೈರಿಯ ಸೀರೆಯೊಂದು ಮುಖಕ್ಕೆ ಸುತ್ತಿಕೊಳ್ಳಲು, ಕ್ಷಣಕಾಲ ಕುರುಡಾಗಿ ಹೋರಾಡಿ, ಬಿಡಿಸಿಕೊಂಡು ಮುನ್ನಡೆದನು. ಕೋಟೆಯ ಬಾಗಿಲು ತೆರೆದೇ ಇತ್ತು.

ಒಳಗೆ, ದೇವರ ಗೂಡಿನ ಮುಂದೆ, ವಿಶಾಲಾಕ್ಷಮ್ಮ ಬತ್ತಿಯನ್ನು ಸರಿಮಾಡಿ ಬೆಂಕಿಪೊಟ್ಟಣವನ್ನು ಕೈಗೆತ್ತಿಕೊಂಡಿದ್ದಳು.

“ನಿಲ್ಲು, ತಾಯೇ,” ಎಂದು ಹೊಸ್ತಿಲ ಒಳಗೆ ಕಾಲಿಟ್ಟ ವೀರನು ಬಲಗೈಯೆತ್ತಿದನು. “ಬಂದಿರುವವನು ಯಾಚಕನೆಂದು ಭಾವಿಸದಿರು. ಯಾವನು ಭೂಮಿತಾಯಿಯ ಋಣವನ್ನು ಸಿಪ್ಪೆಸಿಪ್ಪೆಯಾಗಿ ತೀರಿಸಲು ಕಂಕಣ ಕಟ್ಟಿರುವನೋ, ಯಾವನ ನೆರಳು ಕಂಡರೆ ಕವರುಗಳು ಗಾಳಿಗೆ ಹಾರಿ ಪಕ್ಕದ ಬೀದಿ ಸೇರುವುವೋ, ಆ ನಾನು, ಎರಡು ಕುಲಗಳ ಪ್ರಾಚೀನ ಸಖ್ಯವನ್ನು ನೆನೆದು...”

“ಭಾಷಣ ಇನ್ನೂ ಎಷ್ಟಿದೆ, ಪುಟ್ಟಬಸವಯ್ಯನೋರೇ? ಬತ್ತಿ ಎಣ್ಣೆ ಕುಡಿದು ಕಾಯ್ತಾ ಕೂತಿದೆ.”

“ಒಂದು ಚಮಚ ಹೆಪ್ಪು ಬೇಕಿತ್ತು.”

“ದೇವಮ್ಮಣ್ಣಿ ಹೆಪ್ಪು ಏನಾಯ್ತು?”

ವೀರನು ಗಲ್ಲವನ್ನು ಹಿತ್ತಿಲ ಕಡೆಗೆ ತುಸು ತಿರುಗಿಸಿದನು. ವಿಶಾಲಾಕ್ಷಮ್ಮನಿಗೆ ಅರ್ಥವಾಯಿತು. ಅವಳ ಹೊಟ್ಟೆಯಿಂದ ನಗು ಹೊರಟು, ಗಂಟಲಲ್ಲಿ ನಿಂತು, ಕೆಮ್ಮಾಗಿ ಹೊರಬಿತ್ತು.

“ಕೊಡ್ತೀನಿ,” ಎಂದಳು. “ಆದ್ರೆ ಆ ಮಡಕೆ ನನ್ನ ಕಿಟಕಿ ಎದುರಿಂದ ಎದ್ದು ಹೋಗ್ಬೇಕು. ಒಗ್ಗರಣೆ ಹಾಕಿದ್ರೆ ನನಗೆ ಒಗ್ಗರಣೆ ವಾಸನೆ ಬರ್ಬೇಕು.”

“ಎಲ್ಲಿಗೆ ಹೋಗ್ತದೆ ಅದು?”

“ಅಷ್ಟೊಂದು ಮಮತೆ ಇರೋರು, ನೀವು ಮಲಗೋ ಕೋಣೆ ಕಿಟಕಿ ಕೆಳಗೆ ಇಟ್ಕೊಳ್ಳಿ.”

ಪುಟ್ಟಬಸವಯ್ಯನ ಮನಸ್ಸಿನಲ್ಲಿ ಉಭಯಸೈನ್ಯಗಳು ನೆರೆದವು. ಒಂದು ಕಡೆ ಅವನ ಮೂಗು, ಅವನ ನಿದ್ರೆ, ಕಿಟಕಿಯ ಪಕ್ಕದಲ್ಲೇ ಮಲಗುವ ದೇವಮ್ಮಣ್ಣಿಯ ಬಾಯಿ. ಇನ್ನೊಂದು ಕಡೆ ಅಂಗೈಗೆ ತಗುಲಿದ್ದ ಆ ಕಾವು. ವಿಶಾಲಾಕ್ಷಮ್ಮ ಕಡ್ಡಿಯನ್ನು ಪೊಟ್ಟಣದಿಂದ ಹೊರಗೆಳೆದಳು.

“ಆಗಲಿ,” ಎಂದನು ವೀರನು. ಮಡಕೆಯೇ ಹೋಗುವುದಕ್ಕಿಂತ ಮೂಗು ಹೋಗುವುದು ಲೇಸು.

“ಪಾತ್ರೆ ಎಲ್ಲಿ?”

ಪಾತ್ರೆಯನ್ನು ತಂದಿರಲಿಲ್ಲ. ದಿಗ್ವಿಜಯದ ಇತಿಹಾಸದಲ್ಲಿ ಆನೆ ಕುದುರೆಗಳನ್ನು ಮರೆತವರಿದ್ದಾರೆ. ಬಟ್ಟಲನ್ನು ಮರೆತವನು ಇವನೊಬ್ಬನೇ.

“ನಿಮ್ಮದೇ ಒಂದು ಬಟ್ಲು ಕೊಟ್ರೆ...”

“ಯುಗಾದೀಲಿ ಕೊಟ್ಟ ಚೊಂಬಲ್ಲಿ ನೀವು ಗೊಬ್ಬರ ತೋಡ್ತಿದ್ದೀರಿ. ದಿನಾ ನೋಡ್ತೀನಿ. ಬೇಕಾದ್ರೆ ಕವರಿಗೆ ಹಾಕಿ ಗಂಟು ಕಟ್ಟಿ ಕೊಡ್ತೀನಿ.”

ಬಾಗಿಲ ಹಿಂದಿನ ಮೊಳೆಯಲ್ಲಿ ಕವರುಗಳ ಕವರೊಂದು ಉಬ್ಬಿ ತೂಗುತ್ತಿತ್ತು. ಅದರ ಪರಪರ ಸದ್ದು ಅಪ್ಸರೆಯರ ನೂಪುರದಂತೆ ವೀರವ್ರತಿಯನ್ನು ಕರೆಯಿತು. ಅವನು ಕಣ್ಮುಚ್ಚಿದನು, ತೀರ್ಥಕ್ಕೆಂಬಂತೆ ಬಲಗೈಯನ್ನು ಚಾಚಿದನು. ವಿಶಾಲಾಕ್ಷಮ್ಮ ಒಳಗಿಂದ ಚಮಚ ತಂದು ಅಂಗೈಯ ಗುಳಿಗೆ ಹೆಪ್ಪನ್ನು ಇಳಿಸಿದಳು. ತಣ್ಣಗೆ ಅದು ಒಮ್ಮೆ ಅಲುಗಿ ನಿಂತಿತು.

“ಅವಳಿಗೆ ಹೇಳಿ,” ಎಂದಳು, ಈ ಬಾರಿ ಕೊಂಚ ಮೆತ್ತಗೆ. “ಅವರಮ್ಮನ ಹುಳಿ ಹಾಗೇ ಇದೆ, ಕೆಡಿಸಿಲ್ಲ ಅಂತ.”

ಪುಟ್ಟಬಸವಯ್ಯನು ತಲೆದೂಗಿದನು. ತಲೆದೂಗುವಾಗಲೂ ಕೈ ಅಲುಗದಂತೆ ನೋಡಿಕೊಂಡನು.

“ಒಂದು ನಿಮಿಷ. ಮಡಕೆ ಬಿಸಿಯಾಗಿದೆ ಅಂತ ನೀವು ದೇವಮ್ಮಣ್ಣಿಗೆ ಹೇಳಿದ್ದೊಂದು ಮಾತ್ರ ಮುಚ್ಚಿದ ಕಿಟಕೀಲೂ ಕೇಳಿಸ್ತು. ಹಾಗಿದ್ರೆ ಇದನ್ನೂ ತಿನ್ನಲಿ.” ಮೂಲೆಯಿಂದ ಬಕೆಟ್ಟೊಂದು ಬಂದಿತು; ಅದರಲ್ಲಿ ಹಲಸಿನಹಣ್ಣಿನ ಮುಳ್ಳುಸಿಪ್ಪೆ, ಮೇಲೆ ಅಂಟುಅಂಟಾದ ನಾರು, ಅದರ ಮೇಲೆ ನಿನ್ನೆಯ ಬದನೆಕಾಯಿ ತೊಟ್ಟು. “ದಿನಾ ಸಂಜೆ ಬಂದು ತಗೊಂಡು ಹೋಗಿ. ಶಪಥ ಮಾಡಿದೋರಿಗೆ ಒಂದು ಮನೆ ಏನು, ಎರಡು ಮನೆ ಏನು.”

ಹೀಗೆ ಎಡಗೈಯಲ್ಲಿ ಕಪ್ಪಕಾಣಿಕೆಯನ್ನೂ ಬಲಗೈಯಲ್ಲಿ ಒಂದು ರಾಜವಂಶವನ್ನೂ ಹೊತ್ತು ವಿಜಯಿಯು ಹೊಸ್ತಿಲಲ್ಲಿ ನಿಂತನು. ಹಲಸಿನ ಕಂಪಿಗೆ ಬಂದ ನೊಣವೊಂದು ಅವನ ಮೂಗಿನ ತುದಿಯಲ್ಲಿ ಕುಳಿತು ಕಾಲುಜ್ಜತೊಡಗಿತು. ಓಡಿಸಲು ಕೈಯೊಂದೂ ಬಿಡುವಿರಲಿಲ್ಲ. ಆದರೂ ವೀರಧರ್ಮವನ್ನು ಬಿಡಲಾದೀತೇ? ಅವನು ಗಂಟಲನ್ನು ಸರಿಪಡಿಸಿಕೊಂಡು, ಬರಲಿರುವ ತಲೆಮಾರುಗಳು ನೆನೆಯುವಂಥ ನಾಲ್ಕು ಮಾತನ್ನು ಆರಂಭಿಸಿದನು: “ವಿಶಾಲಹೃದಯೇ, ಯಾವತ್ತು ಈ ವಠಾರದಲ್ಲಿ...”

“ನಡೀರಿ, ನಡೀರಿ. ಬೆರಳ ಸಂದೀಲಿ ಸೋರ್ತಿದೆ.”

ಅವನು ಕೆಳಗೆ ನೋಡಿದನು. ನಿಜ, ಸೋರುತ್ತಿತ್ತು. ಬೆರಳುಗಳನ್ನು ಬಿಗಿಮಾಡಿಕೊಂಡು, ಮೂಗಿನ ಮೇಲಿನ ನೊಣದ ಸಮೇತ, ಅಡ್ಡಡ್ಡಲಾಗಿ ಮೆಟ್ಟಿಲಿಳಿದನು. ಬೆನ್ನ ಹಿಂದೆ ಬಾಗಿಲು ಮುಚ್ಚಿಕೊಂಡಿತು.