ಜಾರಿದ ಗುಡ್ಡಕ್ಕೆ ಅಂಟಿಸಿದ ಗಾಜು

ಸುತ್ತಿಗೆ ಹಿಡಿದು ಗುಡ್ಡ ಸುತ್ತುವ ನನ್ನ ಮರ್ಯಾದೆ ಒಂದು ವಾರ ಹೋಗದೆ ಉಳಿಯಿತೆಂದರೆ, ಆ ವಾರ ನಾನು ರಜೆಯಲ್ಲಿದ್ದೆ ಎಂದು ತಿಳಿಯಬೇಕು. ನಾನು ಭೂವಿಜ್ಞಾನಿ. ಹನುಮಸಾಗರದ ಆಚೆ ಒಂದು ಗುಡ್ಡವಿದೆ, ನೆತ್ತಿಯಿಂದ ಬುಡದವರೆಗೆ ಸೀಳು. ಬುಡದಲ್ಲಿ ಒಬ್ಬ ಅಜ್ಜಿ ಹೊಸ ಮನೆ ಕಟ್ಟಿಸಿದ್ದಳು. ಗುಡ್ಡ ಮೈಮೇಲೆ ಬೀಳುತ್ತದೆ ಎಂದು ಯಾರೋ ಹೆದರಿಸಿದ್ದಕ್ಕೆ, ಆ ಮನೆಗೆ ಕಾಲಿಡದೆ ಮಗನ ಸಂಸಾರದ ಜೊತೆ ದೂರದ ತಗಡಿನ ಶೆಡ್ಡಿನಲ್ಲಿ ಬೇಯುತ್ತಿದ್ದಳು. ನೋಡಿ ಹೇಳಲು ಇಲಾಖೆಯವರು ನನ್ನನ್ನು ಕಳಿಸಿದರು.

ಮಣ್ಣಿನ ರುಚಿ

ಸೀಳಿನೊಳಗಿನ ಪುಡಿ ಮರಳೋ ಜೇಡಿಯೋ ತಿಳಿಯಲು ನಾವು ಅದನ್ನು ಹಲ್ಲಿಗೆ ಹಾಕಿ ನೋಡುತ್ತೇವೆ. ಕರಕರ ಎಂದರೆ ಮರಳು. ಕಣ್ಣು ಮುಚ್ಚಿ ಅಗಿಯುತ್ತಿದ್ದೆ. ತೆರೆದಾಗ ಎದುರಿಗೆ ಅಜ್ಜಿ.

"ಯಾಕ ತಮ್ಮಾ, ಹಸಿವಾದ್ರ ಬಾಯಿಬಿಟ್ಟು ಕೇಳಬಾರದೇನು? ಮಣ್ಣು ತಿನ್ನೋ ಕಾಲ ಬಂತಾ ನಿನಗ?"

ವಿವರಿಸಬಹುದಿತ್ತು. ಅಷ್ಟರಲ್ಲಿ ಅವಳ ಕೈಯ ಬುತ್ತಿಯಿಂದ ಶೇಂಗಾ ಚಟ್ನಿಯ ವಾಸನೆ ಬಂತು. ಬಾಯಿ ಮುಕ್ಕಳಿಸಿ ಕುಳಿತುಬಿಟ್ಟೆ.

ರೊಟ್ಟಿ ಪಾಠ

ಊಟದ ಋಣಕ್ಕೆ ಪಾಠ ಮಾಡಿದೆ. ಒಂದರ ಮೇಲೊಂದಿದ್ದ, ಒಣಗಿ ಗರಿಗರಿಯಾದ ಕಟಿ ರೊಟ್ಟಿಗಳನ್ನು ನಡುವೆ ಮುರಿದು, ಅರ್ಧ ಭಾಗವನ್ನು ಕೆಳಗೆ ಸರಿಸಿದೆ.

"ಗುಡ್ಡಾನೂ ಹಿಂಗ ಪದರ ಪದರ ಐತಿ ಯಮ್ಮಾ. ಭೂಮಿ ಎಳದಾಗ ಮುರದು ಒಂದು ಪಕ್ಕ ಕೆಳಗ ಜಾರೇತಿ. ಅದಕ್ಕ ಎಡಗಡೆ ಮ್ಯಾಲಿರೋ ಕೆಂಪು ಪದರ ಬಲಗಡೆ ಕೆಳಗೈತಿ. ಸ್ತರಭಂಗ ಅಂತೀವಿ. ಮನುಷ್ಯಾರು ಹುಟ್ಟೂಕಿಂತ ಮೊದಲ ಆಗಿದ್ದಿದು."

ಪಕ್ಕದಲ್ಲಿ ಊಟಕ್ಕೆ ಕುಳಿತಿದ್ದ ಅಜ್ಜಿಯ ಮಗ ಕೇಳಿದ: "ಜಾರಿದಾಗ ನೀವು ನೋಡೀರೇನ್ರಿ ಸಾಹೇಬ್ರ?"

"ಇಲ್ಲ."

"ಮತ್ತ ಇನ್ನೊಮ್ಮೆ ಜಾರಂಗಿಲ್ಲ ಅಂತ ಹೆಂಗ ಹೇಳ್ತೀರಿ?"

ಇಂಥ ಪ್ರಶ್ನೆಯನ್ನು ನನ್ನ ಪರೀಕ್ಷಕರೂ ಕೇಳಿರಲಿಲ್ಲ. ಅಜ್ಜಿಯ ಚಿಂತೆ ಬೇರೆಯೇ ಇತ್ತು. "ಅದಿರ್ಲಿ, ಇಷ್ಟೂ ಮುರದಿಯಲ್ಲ, ಇವನ್ನ ಯಾರು ತಿನ್ನೋರು?"

ನಾನೇ ತಿಂದೆ.

ಗಾಜಿನ ಪರೀಕ್ಷೆ

ಬಾಯಿಮಾತು ನಡೆಯಲಿಲ್ಲ. ಸೀಳಿಗೆ ಅಡ್ಡಲಾಗಿ ಮೂರು ಕಡೆ ಗಾಜಿನ ಪಟ್ಟಿ ಇಟ್ಟು ಸಿಮೆಂಟು ಮೆತ್ತಿದೆ. "ಗುಡ್ಡ ಒಂದೀಟು ಸರದ್ರೂ ಗಾಜು ಒಡೀತೈತಿ. ಮೂರು ತಿಂಗಳು ಒಡೀಲಿಲ್ಲಂದ್ರ ಮನಿ ಹೊಕ್ಕೊಳ್ರಿ," ಎಂದೆ.

ಮೂರು ತಿಂಗಳ ಮೇಲೆ ಒಂದು ಭಾನುವಾರ ಹೋದೆ. ಮೊದಲ ಗಾಜು ಚೂರುಚೂರು! ಅಜ್ಜಿಗೆ ಯಾವ ಮುಖ ತೋರಿಸಲಿ? ಏದುಸಿರು ಬಿಡುತ್ತ ಮೇಲೆ ಹತ್ತಿದೆ. ಉಳಿದೆರಡು ಗಾಜಿಗೆ ಕೂದಲೆಳೆಯಷ್ಟೂ ಬಿರುಕಿರಲಿಲ್ಲ. ಗೊಂದಲದಲ್ಲಿ ಕೆಳಗಿಳಿದು ಮತ್ತೆ ನೋಡಿದರೆ, ಒಡೆದ ಗಾಜಿನ ಸುತ್ತ ಕುಂಕುಮ, ತೆಂಗಿನ ನಾರು.

ಮಗ ಕೈಕಟ್ಟಿ ನಿಂತ. "ಗಾಜು ಒಡೀಬಾರದು ಅಂತ ಹರಕಿ ಹೊತ್ತಿದ್ವಿರಿ. ಹೋದ ಸೋಮವಾರ ಪೂಜಿ ಮಾಡಿ, ಅದರ ಮ್ಯಾಲ ಕಾಯಿ ಒಡದ್ವಿ."

ಹೋದ ಜೀವ ಬಂದಂತಾಯಿತು. ನಕ್ಕು ನಕ್ಕು ಬಂಡೆಯ ಮೇಲೆ ಕುಸಿದೆ. "ಗುಡ್ಡ ಗಟ್ಟಿ ಐತಿ ಯಮ್ಮಾ, ಇವತ್ತ ಮನಿ ಹೊಕ್ಕೊಳ್ರಿ!"

ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಇವತ್ತ ಬ್ಯಾಡ ತಮ್ಮಾ. ನಾಳೆ ಸೋಮವಾರ ಐತಿ. ಉಳಿದ ಎರಡು ಗಾಜಿಗೂ ಕಾಯಿ ಒಡದು, ಆಮ್ಯಾಲ ಹೊಕ್ಕೋತೀವಿ."