ಕೊನೆಯ ಸಂಜೆಯೇ ಸರಿ ಎಂಬ ಸಿದ್ಧಾಂತ

ಹಡಗಿನಲ್ಲಿ ಊಟ ಮಾಡುವುದಕ್ಕೂ ಒಂದು ವಿಜ್ಞಾನವಿದೆ, ಅದು ಈ ಭೂಮಂಡಲದಲ್ಲಿ ನನಗೊಬ್ಬನಿಗೇ ಗೊತ್ತು ಎಂದು ನಾನು ಎದೆ ತಟ್ಟಿಕೊಂಡು ಘೋಷಿಸಿದ್ದು ಹಡಗು ಹತ್ತುವ ಮೊದಲೇ. ಕೇಳಿಸಿಕೊಂಡವರು ನನ್ನವಳು ಮತ್ತು ಅತ್ತೆ. ಅತ್ತೆ ನೀರಿನ ಬಾಟಲಿಯ ಮುಚ್ಚಳ ತಿರುಗಿಸುತ್ತಾ "ಹೌದಾ?" ಎಂದರು. ಅದನ್ನು ನಾನು ಮೆಚ್ಚುಗೆ ಎಂದೇ ಭಾವಿಸಿದೆ!

ನಮ್ಮ ಮದುವೆಗೆ ಇಪ್ಪತ್ತೈದು ವರ್ಷ ತುಂಬಿದ ನೆಪದಲ್ಲಿ ಹೊರಟ ಪ್ರವಾಸ ಅದು. ಹಡಗಿನಲ್ಲಿ ಎಲ್ಲರಿಗೂ ಸೇರಿ ಒಂದು ದೊಡ್ಡ ಊಟದ ಹಾಲ್. ಅದಲ್ಲದೆ, ಮೇಲಿನ ಅಂತಸ್ತಿನಲ್ಲಿ ಸುತ್ತಲೂ ಗಾಜಿರುವ ಒಂದು ವಿಶೇಷ ರೆಸ್ಟೋರೆಂಟ್. ನಮ್ಮ ಟಿಕೆಟ್ಟಿನಲ್ಲಿ ಅಲ್ಲಿನ ಒಂದು ರಾತ್ರಿಯ ಊಟ ಸೇರಿತ್ತು. ಯಾವ ರಾತ್ರಿ ಎಂದು ಮೊದಲೇ ತಿಳಿಸಬೇಕು, ಅಷ್ಟೇ.

"ರೀ, ನನಗೆ ಬೇರೇನೂ ಬೇಡ. ಆ ಗಾಜಿನ ಪಕ್ಕ ನಿಮ್ಮ ಎದುರು ಕೂತು ಒಂದು ಊಟ ಮಾಡ್ಬೇಕು. ಮೊದಲ ದಿನವೇ ಹೋಗಿಬಿಡೋಣ" ಎಂದಳು ನನ್ನವಳು.

ಮೊದಲ ದಿನವೇ! ನಾನು ಬೆಚ್ಚಿಬಿದ್ದೆ. ನೀರು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ತಲೆ ನರೆಸಿಕೊಂಡವನು ನಾನು. ನಲ್ಲಿ ತಿರುಗಿಸಿದ ಕೂಡಲೇ ಬರುವ ನೀರನ್ನು ಹರಿಯಬಿಡದೆ ಎಂದಾದರೂ ಮಾದರಿಗೆ ಹಿಡಿದದ್ದುಂಟೇ?

"ಮೊದಲ ದಿನ ನಾವು ನೀರಿನ ಮೇಲಿದ್ರೂ ಹೊಟ್ಟೆ ಇನ್ನೂ ನೆಲದ ಮೇಲೇ ಇರುತ್ತೆ ಕಣೇ. ಬಂದರು ಸುತ್ತಿದ ದಿನ ಕಾಲು ನೋವು. ಕಾಲು ನೋಯ್ತಿದ್ರೆ ನಾಲಿಗೆಗೆ ರುಚಿ ಹತ್ತಲ್ಲ. ನಡುವಿನ ದಿನಗಳಲ್ಲಿ ಜನವೋ ಜನ. ಕೊನೆಯ ಸಂಜೆಯೇ ಸರಿ! ಎಲ್ಲರೂ ಗಂಟುಮೂಟೆ ಕಟ್ಟೋ ಗಡಿಬಿಡಿಯಲ್ಲಿರ್ತಾರೆ. ಅಷ್ಟು ಹೊತ್ತಿಗೆ ಅಡುಗೆಯವರ ಕೈ ಪಳಗಿರುತ್ತೆ, ನಮ್ಮ ಹಸಿವೂ ಪಳಗಿರುತ್ತೆ."

"ಪಳಗಿಸೋಕೆ ಹಸಿವೇನು ಆನೆಯಾ?" ಎಂದಳು. ಆದರೂ ಒಪ್ಪಿದಳು. ಇಪ್ಪತ್ತೈದು ವರ್ಷದ ಅಭ್ಯಾಸ!

ಕೊನೆಯ ದಿನ ಬಂತು. ಹಡಗಿನಲ್ಲೊಂದು ಪದ್ಧತಿ. ಇಳಿಯುವ ಹಿಂದಿನ ದಿನ ಪೆಟ್ಟಿಗೆಗಳನ್ನು ಕಟ್ಟಿ ಕೋಣೆಯ ಬಾಗಿಲ ಹೊರಗಿಟ್ಟರೆ, ಸಿಬ್ಬಂದಿ ಅವನ್ನು ಒಯ್ದು ಮರುದಿನ ದಡದಲ್ಲಿ ಕೊಡುತ್ತಾರೆ. ನನ್ನವಳೂ ಅತ್ತೆಯೂ ಈಜುಕೊಳಕ್ಕೆ ಹೋಗಿದ್ದರು. ಸಂಜೆಯ ಊಟಕ್ಕೆ ಯಾವ ಅಡಚಣೆಯೂ ಇರಬಾರದೆಂದು ಇಡೀ ಕೋಣೆಯನ್ನು ನಾನೊಬ್ಬನೇ ಕಟ್ಟಿದೆ. ಭಾರದ್ದು ಕೆಳಗೆ, ಹಗುರದ್ದು ಮೇಲೆ. ಪಾದರಕ್ಷೆಗಳ ಹೊಟ್ಟೆಯೊಳಗೆ ಕಾಲುಚೀಲ. ಒಂದಿಂಚು ಜಾಗವೂ ವ್ಯರ್ಥವಾಗಲಿಲ್ಲ! ಪೆಟ್ಟಿಗೆಗಳನ್ನು ಹೊರಗಿಟ್ಟು, ಈಜುಚಡ್ಡಿಯ ಮೇಲೊಂದು ಹಡಗಿನ ಸ್ನಾನದ ನಿಲುವಂಗಿ ಹೊದ್ದು, ದಂಡಯಾತ್ರೆ ಮುಗಿಸಿದ ಚಕ್ರವರ್ತಿಯಂತೆ ನಾನೂ ನೀರಿಗಿಳಿದೆ.

ಮರಳಿ ಬಂದಾಗ ನನ್ನವಳು ಕಪಾಟು ತೆರೆದು ನಿಂತಳು.

"ರೀ, ನನ್ನ ನೀಲಿ ಗೌನ್ ಎಲ್ಲಿ?"

"ಪೆಟ್ಟಿಗೆಯಲ್ಲಿ. ಎಲ್ಲಕ್ಕಿಂತ ಮೇಲೆ. ಒಂದು ಸುಕ್ಕೂ ಬೀಳದ ಹಾಗೆ!"

"ಪೆಟ್ಟಿಗೆ ಎಲ್ಲಿ?"

"ಬಾಗಿಲ ಹೊರ..."

ಬಾಗಿಲ ಹೊರಗೆ ನೆಲಹಾಸು ಮಾತ್ರ ಇತ್ತು. ಒದ್ದೆ ಕಾಲಲ್ಲೇ ಓಡಿ ಕೋಣೆಗಳ ಮೇಲ್ವಿಚಾರಕಿಯನ್ನು ಹಿಡಿದೆ.

"ಮೊದಲ ಗಾಡಿಯಲ್ಲೇ ಕೆಳಗಿನ ಉಗ್ರಾಣ ಸೇರಿ ಬೀಗ ಬಿತ್ತು ಸರ್. ಇನ್ನು ನಾಳೆ ದಡದಲ್ಲೇ. ಇಷ್ಟು ಬೇಗ ಪೆಟ್ಟಿಗೆ ಇಟ್ಟವರು ಇಡೀ ಹಡಗಿಗೆ ನೀವೊಬ್ಬರೇ ನೋಡಿ!" ಎಂದು ಆಕೆ ಮನಸಾರೆ ಹೊಗಳಿದಳು.

ಆ ರೆಸ್ಟೋರೆಂಟಿನ ನಿಯಮ ನನಗೆ ಕಂಠಪಾಠವಾಗಿತ್ತು. ಗಂಡಸರಿಗೆ ಕೋಟು, ಪೂರ್ತಿ ಕಾಲು ಮುಚ್ಚುವ ಉಡುಪು. ಯಾರಿಗೂ ಸ್ನಾನದ ನಿಲುವಂಗಿಯಲ್ಲಿ ಪ್ರವೇಶವಿಲ್ಲ. ಊಟದ ಹೊತ್ತು ನನ್ನ ಯೋಜನೆಯಲ್ಲಿತ್ತು, ಊಟಕ್ಕೆ ಉಡುವ ಬಟ್ಟೆ ಇರಲಿಲ್ಲ!

ನನ್ನವಳು ನಿಲುವಂಗಿಯಲ್ಲೇ ಮಂಚದ ಅಂಚಿಗೆ ಕೂತಳು. ಬೈಯುತ್ತಾಳೆ ಎಂದು ಕಾದೆ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

"ಒಂದೇ ಒಂದು ಊಟ ಕೇಳಿದ್ದೆ" ಎಂದಳು, ಅಷ್ಟೇ.

ಅಷ್ಟರಲ್ಲಿ ಪಕ್ಕದ ಕೋಣೆಯಿಂದ ಅತ್ತೆ ಬಂದರು. ತಲೆ ಬಾಚಿ, ಮೈತುಂಬ ಬಟ್ಟೆ ತೊಟ್ಟು, ಕೈಯಲ್ಲಿ ಪೆಟ್ಟಿಗೆ ಹಿಡಿದು!

"ನನ್ನ ಪೆಟ್ಟಿಗೆ ನಾನು ಯಾರ ಕೈಗೂ ಕೊಡಲ್ಲ ಅಳಿಯಂದ್ರೇ. ಏಳೇ, ಇದನ್ನ ಹಾಕ್ಕೋ. ನಿಮಗೂ ಒಂದಿದೆ, ಸೊಂಟಕ್ಕೆ ಎಲಾಸ್ಟಿಕ್ ಇದೆ, ಹೆದರ್ಬೇಡಿ."

ನನ್ನವಳಿಗೆ ಸಿಕ್ಕಿದ್ದು ಕಂದು ಬಣ್ಣದ ಗೌನ್. ಅಲ್ಲಲ್ಲಿ ಪಿನ್ನು ಚುಚ್ಚಿದ ಮೇಲೆ ಮೈಗೆ ಒಪ್ಪಿತು. ನನಗೆ ಸಿಕ್ಕಿದ್ದು ನೇರಳೆ ಹೂವುಗಳ ಪೈಜಾಮ, ಮೇಲೊಂದು ಸಡಿಲ ಅಂಗಿ. ಕನ್ನಡಿ ನೋಡಿದವನು ಎರಡನೇ ಸಲ ನೋಡಲಿಲ್ಲ.

ಗಾಜಿನ ಬಾಗಿಲಲ್ಲಿ ನರೆಗೂದಲಿನ ಸಪ್ಲೈಯರ್ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ.

"ಕೋಟು ನಾವೇ ಕೊಡ್ತೀವಿ ಸರ್. ಆದರೆ ಕೆಳಗಡೆ ಇದು..."

"ಪೂರ್ತಿ ಕಾಲು ಮುಚ್ಚಿದೆಯಲ್ಲಪ್ಪಾ!" ಎಂದು ಅತ್ತೆ ಮುಂದೆ ಬಂದರು. "ಹೂವು ಇರಬಾರದು ಅಂತ ನಿಮ್ಮ ನಿಯಮದಲ್ಲಿ ಇದೆಯಾ?"

ಅವನ ಮುಖ ಅರಳಿತು. "ಓ, ಅಮ್ಮ! ನೀವು ಹೇಳಿದ ಮೇಲೆ ಮುಗೀತು. ಅದೇ ಮೂಲೆ ಟೇಬಲ್ ತಾನೇ? ಮೇಡಂಗೆ ಇವತ್ತೂ ಉಪ್ಪು ಕಡಿಮೆ?"

ಇವತ್ತೂ?! ನನ್ನವಳು ಸಮುದ್ರ ನೋಡತೊಡಗಿದಳು. ಅತ್ತೆ ಮಾತ್ರ ನಿರಾಳವಾಗಿ ಹೇಳಿದರು: "ಮಧ್ಯಾಹ್ನ ಇಲ್ಲಿ ನೊಣವೂ ಇರಲ್ಲ ಅಳಿಯಂದ್ರೇ. ಮೊದಲೇ ಹೇಳೋದೂ ಬೇಡ, ಏನೂ ಬೇಡ. ನೀವು ಉಬ್ಬರವಿಳಿತದ ಉಪನ್ಯಾಸ ಕೇಳೋಕೆ ಹೋದಾಗೆಲ್ಲ ನಾವು ಇಲ್ಲಿಗೆ ಬರ್ತಿದ್ವಿ. ಸರಿ, ನಾನು ಕೆಳಗಿನ ಹಾಲ್‌ಗೆ ಹೊರಟೆ. ಇಲ್ಲಿನ ಊಟ ತಿಂದು ತಿಂದು ಬೇಜಾರಾಗಿದೆ!"

ಎರವಲು ಕೋಟು, ಹೂವಿನ ಪೈಜಾಮ ಧರಿಸಿ ಕುರ್ಚಿಯಲ್ಲಿ ಕುಸಿದೆ.

"ಹಾಗಾದ್ರೆ... ಆಗ ಮಂಚದ ಮೇಲೆ ಕೂತು ಅಷ್ಟು ಸಂಕಟ ಪಟ್ಟಿದ್ದು ಯಾಕೆ?"

"ಇಲ್ಲಿ ಊಟ ಮಾಡಿದ್ದೆ ರೀ. ನಿಮ್ಮ ಎದುರು ಕೂತು ಮಾಡಿರಲಿಲ್ಲ" ಎಂದಳು.

ಮುಖ ಮರೆಸಿಕೊಳ್ಳಲು ಮೆನು ಎತ್ತಿಕೊಂಡೆ. ಮೊದಲು ಯಾವುದು, ಆಮೇಲೆ ಯಾವುದು ಎಂದು ಲೆಕ್ಕ ಹಾಕುವಷ್ಟರಲ್ಲಿ ಅವಳು ಅದನ್ನು ಕಸಿದುಕೊಂಡಳು.

"ಪ್ರಯೋಗ ಎಲ್ಲ ನಾವು ಮಾಡಿ ಮುಗಿಸಿದೀವಿ. ನೀವು ಬಾಯಿ ಮುಚ್ಕೊಂಡು ಫಲಿತಾಂಶ ತಿನ್ನಿ!"

ಬಾಯಿ ಮುಚ್ಚಿಕೊಂಡು ತಿನ್ನುವುದು ಹೇಗೆ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ. ತಿಂದೆ.